ಕಡಲವರ ನುಡಿ: ಪುಣೆಯ ದಫ್ತರವೂ ಕರಾವಳಿಯ ಕನ್ನಡವೂ

ಪುಣೆ ಕಡಲತೀರದ ಊರಲ್ಲ. ಮುಳಾ-ಮುಠಾ ನದಿಗಳ ದಂಡೆಯ ಈ ನಗರಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ಸಹ್ಯಾದ್ರಿ ಅಡ್ಡಲಾಗಿ ನಿಂತಿದೆ. ಆದರೂ ಹದಿನೆಂಟನೆಯ ಶತಮಾನದಲ್ಲಿ ಕೊಂಕಣದ ಕಡಲಿನ ವ್ಯವಹಾರಗಳು ಘಟ್ಟ ಹತ್ತಿ ಪುಣೆಗೆ ಬಂದು, ಇಲ್ಲಿಯ ಕಾಗದಗಳಲ್ಲಿ ದಾಖಲಾಗುತ್ತಿದ್ದವು. ಬಹುಪಾಲು ಮೋಡಿ ಲಿಪಿಯಲ್ಲಿರುವ ಆ ಕಾಗದಗಳ ಸಂಗ್ರಹವೇ ಪೇಶ್ವೆ ದಫ್ತರ. ಅದರಿಂದ ಆಯ್ದ ಪತ್ರಗಳನ್ನು ಗೋವಿಂದ ಸಖಾರಾಮ ಸರದೇಸಾಯಿಯವರು ೧೯೩೦ರಿಂದ ೧೯೩೪ರವರೆಗೆ ೪೫ ಸಂಪುಟಗಳಲ್ಲಿ ಪ್ರಕಟಿಸಿದರು. ಇತಿಹಾಸಕಾರರು ಇವನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ; ಭಾಷೆಯ ಅಭ್ಯಾಸಿಗಳು, ಅದರಲ್ಲಿಯೂ ಕನ್ನಡದ ಅಭ್ಯಾಸಿಗಳು, ಇವುಗಳತ್ತ ಹೊರಳಿದ್ದು ಕಡಿಮೆ. ನಾವಿಕರ ಮತ್ತು ಕಡಲ್ಗಳ್ಳರೆಂದು ಹೆಸರಾದವರ ಮಾತಿನ ಕೆಲವು ಪದಗಳನ್ನು ಮುಂದಿಟ್ಟುಕೊಂಡು, ಅವು ಕನ್ನಡಕ್ಕೆ ಏನನ್ನು ಹೇಳುತ್ತವೆ ಎಂದು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನಮ್ಮ ಪದಗಳನ್ನೇ ನೋಡೋಣ. ಹಡಗು, ದೋಣಿ, ಹಾಯಿ, ಕೂವೆ, ಹುಟ್ಟು ಇವು ಕನ್ನಡದ ಹಳೆಯ ಮಾತುಗಳು. ಹಡಗಿನ ಹಳಗನ್ನಡ ರೂಪ ಪಡಗು. ತಮಿಳು, ಮಲಯಾಳಗಳಲ್ಲಿ ಅದರ ಒಡಹುಟ್ಟುಗಳಿವೆ. ಹಾಯಿ ಎಂಬ ಶಬ್ದದ ಕಥೆ ಇನ್ನೂ ಸ್ವಾರಸ್ಯಕರವಾದುದು. ಇದಕ್ಕೆ ಸಂವಾದಿಯಾದ ತಮಿಳಿನ 'ಪಾಯ್' ಶಬ್ದಕ್ಕೆ ಚಾಪೆ ಎಂದೂ ಹಾಯಿ ಎಂದೂ ಎರಡು ಅರ್ಥಗಳುಂಟು. ಬಟ್ಟೆಯ ಹಾಯಿಗಿಂತ ಮೊದಲು ಚಾಪೆಯನ್ನೇ ಗಾಳಿಗೆ ಒಡ್ಡಿ ಸಾಗಿದ ಕಾಲವೊಂದರ ನೆನಪು ಈ ಪದದಲ್ಲಿ ಉಳಿದಿದೆ. ನೀರಿನ ಆಳವನ್ನು ಕನ್ನಡ ಕರಾವಳಿಯವರು 'ಮಾರು'ಗಳಲ್ಲಿ ಎಣಿಸುತ್ತಾರೆ. ಅದು ಎರಡೂ ತೋಳುಗಳನ್ನು ಚಾಚಿದಾಗಿನ ಅಳತೆ.

ಇನ್ನು ಬೇರೊಂದು ಗುಂಪಿನ ಪದಗಳನ್ನು ನೋಡಿರಿ. ಬಂದರು, ಲಂಗರು ಎಂಬುವು ಪಾರಸಿ ಶಬ್ದಗಳು. ಚುಕ್ಕಾಣಿಯ ಮೂಲ ಅರಬ್ಬಿಯ 'ಸುಕ್ಕಾನ್'. ಮರಾಠಿಯಲ್ಲಿ ಅದು ಸುಕಾಣು ಆಗಿದೆ. ಹಡಗಿನ ಯಜಮಾನನನ್ನು ಹೇಳುವ 'ನಾಖುದಾ', ಆಳುಗಳ ಮುಖ್ಯಸ್ಥನನ್ನು ಹೇಳುವ 'ಸರಂಗ' ಪಾರಸಿಯಿಂದ ಬಂದವು, ಖಲಾಸಿ ಅರಬ್ಬಿಯಿಂದ. ಕರಾವಳಿಯ ಶಾಸನಗಳಲ್ಲಿ ವರ್ತಕರ ಸಂಘಕ್ಕೆ ಬರುವ 'ಹಂಜಮಾನ' ಎಂಬ ಹೆಸರು ಪಾರಸಿಯ 'ಅಂಜುಮನ್' ಎಂಬುದರ ರೂಪಾಂತರ. ಈ ಎರಡು ಗುಂಪುಗಳನ್ನು ಎದುರುಬದುರು ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಡಗಿನ ಒಡಲಿಗೆ ನಮ್ಮ ಪದಗಳಿವೆ. ಅದನ್ನು ನಡೆಸುವ, ನಿಲ್ಲಿಸುವ, ಅದರ ಮೇಲೆ ಅಧಿಕಾರ ಮಾಡುವ ಕೆಲಸಕ್ಕೆ ಹಲವು ಭಾಷೆಗಳವರು ಕೂಡಿ ಬಳಸಿದ ಪದಗಳಿವೆ. ಇದನ್ನು ಕನ್ನಡದ ಬಡತನವೆಂದು ತಿಳಿಯಬೇಕಾಗಿಲ್ಲ. ಒಂದೇ ಹಡಗಿನಲ್ಲಿ ಅರಬ್ಬ, ಗುಜರಾತಿ, ಕೊಂಕಣಿ, ಮಲಯಾಳಿ, ಕನ್ನಡಿಗ ಕೂಡಿ ದುಡಿಯುವಾಗ ಅಪ್ಪಣೆಯ ಮಾತು ಎಲ್ಲರಿಗೂ ಒಂದೇ ಕ್ಷಣದಲ್ಲಿ ತಿಳಿಯಬೇಕು. ಬಿರುಗಾಳಿಯಲ್ಲಿ ಶುದ್ಧಕನ್ನಡಕ್ಕಾಗಿ ಕಾಯುವವನು ಮುಳುಗುತ್ತಾನೆ.

ಮರಾಠಿಯ ಪರಿಸ್ಥಿತಿಯೂ ಇದಕ್ಕೆ ಸಮೀಪದ್ದು. ಅಲ್ಲಿ 'ನಾಂಗರ' ಎಂದರೆ ನೇಗಿಲೂ ಹೌದು, ಲಂಗರೂ ಹೌದು. ಘಟ್ಟದ ಮೇಲಿನ ರೈತನಿಗೂ ಕೆಳಗಿನ ನಾವಿಕನಿಗೂ ಒಂದೇ ಪದ ಎರಡು ಬಗೆಯಾಗಿ ನೆಲ ಹಿಡಿದಿದೆ. ನೌಕಾಪಡೆಗೆ ಮರಾಠರು ಹೇಳುತ್ತಿದ್ದ 'ಆರಮಾರ' ಎಂಬುದು ಪೋರ್ತುಗೀಜರ 'ಅರ್ಮಾದ'ದಿಂದ ಬಂದದ್ದು. ಯಾರ ಮೇಲೆ ಹಡಗು ಕಟ್ಟಿದರೋ ಅವರ ಪದವನ್ನೇ ಎತ್ತಿಕೊಂಡಂತಾಯಿತು. ಕಾನ್ಹೋಜಿ ಆಂಗ್ರೆಯ ಬಿರುದಾದ 'ಸರಖೇಲ' ಶಬ್ದವಂತೂ ಮೂಲತಃ ಕುದುರೆಯ ದಂಡಿಗೆ ಸಂಬಂಧಿಸಿದ್ದು. ಪಾರಸಿಯಲ್ಲಿ ಸವಾರರ ಗುಂಪಿನ ಮುಖ್ಯಸ್ಥನೆಂದು ಅದರ ಅರ್ಥ. ಕಡಲಿನ ಒಡೆಯನಿಗೆ ನೆಲದ ದೊರೆಗಳು ಕುದುರೆಯ ಮೇಲೆ ಕುಳಿತೇ ಹೆಸರಿಟ್ಟರು.

ಇಲ್ಲಿ ರಾಜವ್ಯವಹಾರಕೋಶವನ್ನು ನೆನೆಯಬೇಕು. ೧೬೭೪ರ ಪಟ್ಟಾಭಿಷೇಕದ ಅನಂತರ ಶಿವಾಜಿ ಮಹಾರಾಜರ ಆಜ್ಞೆಯಂತೆ ರಘುನಾಥ ಪಂಡಿತನು ಆಡಳಿತದ ಪಾರಸಿ ಶಬ್ದಗಳಿಗೆ ಸಂಸ್ಕೃತ ಪರ್ಯಾಯಗಳನ್ನು ಕೊಟ್ಟ ಕೋಶವಿದು. ರಾಜವರ್ಗ, ದುರ್ಗವರ್ಗ, ಲೇಖನವರ್ಗ, ಪಣ್ಯವರ್ಗ ಮೊದಲಾದ ಅದರ ಹತ್ತು ವರ್ಗಗಳಲ್ಲಿ ನೌಕೆಗೆಂದೇ ಮೀಸಲಾದ ವರ್ಗವಿಲ್ಲ. ೧೬೬೫ರಲ್ಲಿ ಹಡಗುಗಳೊಡನೆ ನಮ್ಮ ಬಸರೂರಿನವರೆಗೆ ಬಂದು ಹೋದ ಅರಸನ ಕೋಶದಲ್ಲಿ ಇದು ಆಶ್ಚರ್ಯವೇ. ಪಂಡಿತರ ಲೇಖನಿ ಕೋಟೆಯ ಬಾಗಿಲವರೆಗೆ ಹೋಯಿತು, ಹಡಗಿನ ಅಟ್ಟವನ್ನು ಏರಲಿಲ್ಲ ಎಂದೇ ನನ್ನ ತಿಳಿವು. ಅನಂತರದ ಆಜ್ಞಾಪತ್ರದಲ್ಲಿ ಆರಮಾರದ ವಿಚಾರ ವಿಸ್ತಾರವಾಗಿಯೇ ಇದೆ. ಹಡಗಿನ ಮರಕ್ಕಾಗಿ ರೈತರ ಮಾವು, ಹಲಸುಗಳನ್ನು ಕಡಿಯಬಾರದೆಂಬ ಪ್ರಸಿದ್ಧವಾದ ಮಾತು ಬರುವುದೂ ಅಲ್ಲಿಯೇ. ಆದರೆ ಅಲ್ಲಿ ಗುರಾಬು, ಗಲಬತಗಳು ತಮ್ಮ ಹೆಸರಿನಲ್ಲಿಯೇ ಬರುತ್ತವೆ, ಸಂಸ್ಕೃತದ ವೇಷ ತೊಡುವುದಿಲ್ಲ. ಗುರಾಬು ಎಂದರೆ ಅರಬ್ಬಿಯಲ್ಲಿ ಕಾಗೆ. ಇಂಗ್ಲಿಷರ ಬಾಯಲ್ಲಿ ಅದು 'ಗ್ರ್ಯಾಬ್' ಆಯಿತು. ಅವರ ನುಡಿಯಲ್ಲಿ ಆ ಉಚ್ಚಾರಕ್ಕೆ ಕಿತ್ತುಕೊಳ್ಳುವುದೆಂದು ಅರ್ಥವಿರುವುದು ಆಕಸ್ಮಿಕ. ಹಡಗು ಕಳೆದುಕೊಂಡವರಿಗೆ ಅದು ಆಕಸ್ಮಿಕವೆನಿಸಿರಲಾರದು.

ಕಡಲ್ಗಳ್ಳ ಎಂಬ ಪದದ ತೊಡಕು ಇಲ್ಲಿಯೇ ಏಳುತ್ತದೆ. ಮರಾಠಿಯಲ್ಲಿ ಇದಕ್ಕೆ 'ಚಾಂಚಾ' ಎಂಬ ಬಿಡಿಪದವಿದೆ. ಕನ್ನಡದ್ದು ಸಮಾಸಪದ, ದಡದ ಮೇಲೆ ನಿಂತು ನೋಡಿದವನು ಕಟ್ಟಿದಂತಿರುವ ಪದ. ಅದು ಯಾರಿಗೆ ಸಲ್ಲುತ್ತದೆ? ಪೋರ್ತುಗೀಜರು ಹದಿನಾರನೆಯ ಶತಮಾನದಿಂದ 'ಕರ್ತಾಜ್' ಎಂಬ ರಹದಾರಿ ಪತ್ರವಿಲ್ಲದ ಹಡಗುಗಳನ್ನು ಹಿಡಿಯುತ್ತಿದ್ದರು. ಆ ಪದವೂ ಅವರದಲ್ಲ, ಅರಬ್ಬಿಯಲ್ಲಿ ಕಾಗದವೆಂಬ ಅರ್ಥದ 'ಕಿರ್ತಾಸ್'. ಕಾನ್ಹೋಜಿಯೂ ತನ್ನ ದಸ್ತಕವಿಲ್ಲದ ಹಡಗುಗಳನ್ನು ಹಿಡಿದನು. ಒಂದು ಕಾನೂನೆನಿಸಿತು, ಇನ್ನೊಂದು ಕಳ್ಳತನವೆನಿಸಿತು. ೧೭೨೧ರಲ್ಲಿ ಇಂಗ್ಲಿಷರೂ ಪೋರ್ತುಗೀಜರೂ ಕೂಡಿ ಕೊಲಾಬೆಯ ಮೇಲೆ ಏರಿಹೋಗಿ ಸೋತರು. ೧೭೨೯ರಲ್ಲಿ ಅವನು ಸಾಯುವವರೆಗೆ ಸರಖೇಲನಾಗಿಯೇ ಉಳಿದನು. ಅವನ ಮಗ ತುಳಾಜಿಯ ಕಾಲಕ್ಕೆ ಪುಣೆಯೇ ಪಕ್ಷ ಬದಲಿಸಿತು. ೧೭೫೬ರ ಫೆಬ್ರವರಿಯಲ್ಲಿ ವಿಜಯದುರ್ಗದಲ್ಲಿ ಇಂಗ್ಲಿಷರು ನೀರಿನಿಂದಲೂ ಪೇಶ್ವೆಯ ದಂಡು ನೆಲದಿಂದಲೂ ಮುತ್ತಿದಾಗ ಆಂಗ್ರೆಯ ಹಡಗುಗಳು ಸುಟ್ಟು ಬೂದಿಯಾದವು. ಮರಾಠರ ಕಡಲಬಲದ ದೊಡ್ಡ ಭಾಗವೊಂದು ಪುಣೆಯ ಸಮ್ಮತಿಯಿಂದಲೇ ನಾಶವಾಯಿತೆಂಬುದನ್ನು ಮರೆಯಲಾಗದು.

ಕನ್ನಡನಾಡಿಗೆ ಸೇರಿದ ನಿದರ್ಶನವೂ ಉಂಟು. ಹೊನ್ನಾವರದ ತಿಮ್ಮೋಜನನ್ನು ಪೋರ್ತುಗೀಜ್ ಬರಹಗಾರರು ಕಡಲ್ಗಳ್ಳನೆಂದೇ ಕರೆದರು. ೧೫೧೦ರಲ್ಲಿ ಗೋವೆಯ ಮೇಲೆ ದಾಳಿಮಾಡಲು ಅಲ್ಬುಕರ್ಕನಿಗೆ ಸಲಹೆ ಕೊಟ್ಟು ಜೊತೆಗೆ ನಿಂತವನೂ ಇವನೇ. ಉಪಯೋಗಕ್ಕೆ ಬಂದ ಕಳ್ಳನು ಮಿತ್ರನಾದನು. ಅವನನ್ನು ಕುರಿತು ನಾವು ಓದುವುದು ಹೆಚ್ಚಾಗಿ ಪರರ ಮಾತಿನಲ್ಲಿ.

ಅಧಿಕಾರದವರ ಕಾಗದಗಳಿಂದ ಆಚೆಗೆ, ದುಡಿಯುವವರ ಬಾಯಲ್ಲಿ ಬೇರೊಂದು ಭಾಷೆ ಬೆಳೆಯುತ್ತಿತ್ತು. ಇಂಗ್ಲಿಷರ ಹಡಗುಗಳಲ್ಲಿ ದುಡಿದ ಇಂಡಿಯಾದ ನಾವಿಕರನ್ನು ಲಸ್ಕರರೆನ್ನುತ್ತಿದ್ದರು. ಅವರ ಹಿಂದುಸ್ತಾನಿಮಿಶ್ರಿತ ಕಸುಬಿನ ನುಡಿಗೆ ಥಾಮಸ್ ರೋಬಕ್ ಎಂಬವನು ೧೮೧೧ರಲ್ಲಿಯೇ ಕಲ್ಕತ್ತೆಯಲ್ಲಿ ಒಂದು ನೌಕಾನಿಘಂಟನ್ನು ಪ್ರಕಟಿಸಿದನು. ಅಪ್ಪಣೆ ಕೊಡುವವನಿಗೆ ಆಳಿನ ಮಾತು ಬೇಕಾಗಿತ್ತು. ಹಡಗಿನ ಬಲಬದಿಗೆ ಈ ನುಡಿಯಲ್ಲಿ 'ಜಮನಾ', ಅದು ಗುಜರಾತಿಯದು. ಎಡಬದಿಗೆ 'ಡಾವಾ', ಅದು ಮರಾಠಿಗೆ ಹತ್ತಿರ. ಹಗ್ಗ ಸಡಿಲಿಸಿ ಇಳಿಸುವುದಕ್ಕೆ 'ಆರಿಯಾ', ಅದು ಪೋರ್ತುಗೀಜ್. ಈ ಕೊನೆಯ ಮಾತು ಹಾಯಿಹಡಗಿನೊಡನೆ ಸಾಯಲಿಲ್ಲ. ಕ್ರೇನಿನಿಂದ ಭಾರ ಎತ್ತುವ ಕೆಲಸಗಾರರು ಏರಿಸಲು 'ಹಬೇಸ್' ಎಂದೂ ಇಳಿಸಲು 'ಆರಿಯಾ' ಎಂದೂ ಕೂಗುವುದನ್ನು ಕಡಲು ಕಾಣದ ಊರುಗಳಲ್ಲಿಯೂ ಕೇಳಬಹುದು. ಖಲಾಸಿಯೂ ಹೀಗೆಯೇ ಹಡಗಿನಿಂದ ಇಳಿದು ರೈಲ್ವೆಯ ಹುದ್ದೆಯಾಗಿ ಒಳನಾಡನ್ನು ಸೇರಿದನು.

ನಮ್ಮ ನಿಘಂಟುಗಳು ಈ ಮಾತುಗಳ ಬಗೆಗೆ ಜಿಪುಣವಾಗಿವೆ. ಮಂಗಳೂರಿನಲ್ಲಿ ೧೮೯೪ರಲ್ಲಿ ಅಚ್ಚಾದ ಕಿಟ್ಟೆಲ್ ಕೋಶವಾಗಲಿ, ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಸಾಹಿತ್ಯ ಪರಿಷತ್ತಿನ ನಿಘಂಟಾಗಲಿ ಮುಖ್ಯವಾಗಿ ಬರೆಹವನ್ನು ಆಧರಿಸಿದವು. ಖಾರ್ವಿ, ಮೊಗವೀರ, ಹರಿಕಾಂತ, ಅಂಬಿಗರ ಬಾಯಿಮಾತನ್ನು ಅವು ಹಾಗೆ ಅರಸಿ ಹೋಗಲಿಲ್ಲ. ಹಾಯಿ ಹೋಗಿ ಯಂತ್ರ ಬಂದಿದೆ. ಹಗ್ಗಗಳ, ಗಂಟುಗಳ ಹೆಸರುಗಳು ಅವನ್ನು ಬಿಗಿದ ಮುದುಕರೊಡನೆ ಹೋಗುತ್ತಿವೆ. ಮೋಡಿ ಬಲ್ಲ ಕನ್ನಡ ವಿದ್ಯಾರ್ಥಿಯೊಬ್ಬನು ಪುಣೆಯ ದಫ್ತರದ ಪದಗಳ ಪಟ್ಟಿಯೊಂದನ್ನು ಮಾಡಿಕೊಂಡು ಮಲ್ಪೆ, ಭಟ್ಕಳ, ಕಾರವಾರಗಳ ದಕ್ಕೆಗಳಲ್ಲಿ ಒಂದು ಮಳೆಗಾಲ ಕುಳಿತರೆ ಈ ಕೆಲಸ ಆರಂಭವಾಗುತ್ತದೆ. ದೋಣಿಗಳು ದಡದಲ್ಲಿರುವ ಕಾಲವಾದ್ದರಿಂದ ಮಾತನಾಡಲು ಜನರಿಗೆ ಬಿಡುವಿರುತ್ತದೆ. ಮೊದಲು ಕೇಳಬೇಕಾದವನು ತಾಂಡೇಲ. ಡೀಸೆಲ್ ಬೋಟಿನ ಚುಕ್ಕಾಣಿ ಹಿಡಿದವನಿಗೂ ಕರಾವಳಿಯಲ್ಲಿ ಅದೇ ಹೆಸರು.