ಅರ್ಧ ಗಂಟೆಯ ಲೆಕ್ಕ

ಮಕ್ಕಳೇ, ತೊಟ್ಟಿಯಿಂದ ಒಟ್ಟು ಎಷ್ಟು ನೀರು ಬಳಸಿದೆವು ಎಂಬುದು ಒಂದು ಲೆಕ್ಕ. ಒಮ್ಮೆಗೆ ಎಷ್ಟು ನಲ್ಲಿ ತೆರೆದೆವು ಎಂಬುದು ಇನ್ನೊಂದು. ವಿದ್ಯುತ್ತಿಗೂ ಹೀಗೆಯೇ. ಒಟ್ಟು ಬಳಕೆಯನ್ನು ಯೂನಿಟ್‌ನಲ್ಲಿ ಅಳೆಯುತ್ತಾರೆ. ಒಂದೇ ಹೊತ್ತಿಗೆ ಬೇಕಾಗುವುದನ್ನು ಕಿಲೋವ್ಯಾಟ್‌ನಲ್ಲಿ ಅಳೆಯುತ್ತಾರೆ. ಇದೇ 'ಬೇಡಿಕೆ'.

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಫೀನಿಕ್ಸ್ ಎಂಬ ಮರುಭೂಮಿಯ ನಗರವಿದೆ. ಅಲ್ಲಿ ವಿದ್ಯುತ್ ಪೂರೈಸುವ ಸಾಲ್ಟ್ ರಿವರ್ ಪ್ರಾಜೆಕ್ಟ್ ಎಂಬ ಸಂಸ್ಥೆಯು 2015ರಲ್ಲಿ, ಹೊಸದಾಗಿ ಸೌರಫಲಕ ಹಾಕಿಸುವ ಮನೆಗಳಿಗೆ ಬೇಡಿಕೆ ಶುಲ್ಕವನ್ನು ತಂದಿತು. ತಿಂಗಳಿನ ಒಂದೇ ಒಂದು ಸಂಜೆ, ಅರ್ಧ ಗಂಟೆ, ಎಲ್ಲ ಯಂತ್ರಗಳೂ ಒಟ್ಟಿಗೆ ನಡೆದರೆ ಸಾಕು, ಆ ತಿಂಗಳ ಶುಲ್ಕ ಏರುತ್ತಿತ್ತು! ಫಲಕಗಳು ಹಗಲೆಲ್ಲ ದುಡಿದಿದ್ದರೂ ಇಳಿಬಿಸಿಲಿನಲ್ಲಿ ಅವುಗಳ ಶಕ್ತಿ ಕುಂದುತ್ತದೆ.

ಆಗ ಬ್ಯಾಟರಿ ನೆರವಾಗುತ್ತದೆ. ಒಂದು ಮನೆಯ ಹವಾನಿಯಂತ್ರಕಕ್ಕೆ 3 ಕಿಲೋವ್ಯಾಟ್, ಒಲೆಗೆ 2, ಬಟ್ಟೆ ಒಣಗಿಸುವ ಯಂತ್ರಕ್ಕೆ 4 ಬೇಕೆನ್ನೋಣ. ಒಟ್ಟು 9. (ಅಷ್ಟು ಬಿಸಿಲಿರುವಾಗ ಬಟ್ಟೆಗೆ ಯಂತ್ರವೇಕೋ!) ಬಟ್ಟೆಯನ್ನು ಬೆಳಿಗ್ಗೆಯೇ ಒಣಗಿಸಿದರೆ ಸಂಜೆಗೆ ಉಳಿಯುವುದು 5. ಹಗಲು ಬಿಸಿಲಿನಲ್ಲಿ ತುಂಬಿದ ಬ್ಯಾಟರಿಯು 3 ಕಿಲೋವ್ಯಾಟ್ ಕೊಟ್ಟರೆ ಬೀದಿಯ ತಂತಿಯಿಂದ ಬೇಕಾದುದು 2 ಮಾತ್ರ. ಎರಡು ಗಂಟೆ ಹೀಗೆ ಕೊಡಲು ಬ್ಯಾಟರಿಯಲ್ಲಿ 6 ಯೂನಿಟ್ ಇರಬೇಕು.

ನಿಮ್ಮ ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಂಪುಗಳ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು ಹಿರಿಯರೊಡನೆ ಓದಿರಿ. 1000 ವ್ಯಾಟ್ ಎಂದರೆ 1 ಕಿಲೋವ್ಯಾಟ್. ಎಲ್ಲವೂ ಒಟ್ಟಿಗೆ ನಡೆದರೆ ಬೇಡಿಕೆ ಎಷ್ಟು?