ಘಾಟಿ ಇಳಿಯುವ ಮುನ್ನ: ಬ್ರೇಕ್ ಆಯಿಲ್

ಕಾಫಿ ಮೂಟೆ, ಅಡಿಕೆ ಚೀಲ ಹೇರಿಕೊಂಡು ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವ ಜೀಪು, ಪಿಕಪ್‌ಗಳು ನಮ್ಮಲ್ಲಿ ಬಹಳ. ಅವುಗಳ ಬ್ರೇಕಿಗೆ ಜೀವಾಳವೆಂದರೆ ಬ್ರೇಕ್ ಆಯಿಲ್. ಹೆಸರು ಆಯಿಲ್ ಆದರೂ ಇದು ಸಾಮಾನ್ಯವಾಗಿ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದಲ್ಲಿ ಒಣಗಿದ ಕಾಫಿ ತಂಪೆಳೆಯುವಂತೆ ಇದೂ ಗಾಳಿಯ ತೇವವನ್ನು ಹೀರುತ್ತದೆ.

ಡಾಟ್ ೩ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡ್ ಇರತಕ್ಕದ್ದು. ತೇವ ಹೀರಿದ್ದಕ್ಕೆ ನಿಗದಿಯಾದ ಮಿತಿ ೧೪೦ ಮಾತ್ರ. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದರೆ ಹಳೆಯ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವ ಒತ್ತಡಕ್ಕೆ ಕುಗ್ಗದು, ಆವಿ ಕುಗ್ಗುತ್ತದೆ. ಆಗ ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲದು.

ಗಮನಿಸಬೇಕಾದ ಅಂಶಗಳು:

೧. ತಿಂಗಳಿಗೊಮ್ಮೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿ. ದ್ರವದ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು.

೨. ಮಟ್ಟ ನಿಧಾನವಾಗಿ ಇಳಿದರೆ ಪ್ಯಾಡ್ ಸವೆದಿರಬಹುದು. ಬೇಗನೆ ಇಳಿದರೆ ಸೋರಿಕೆಯೇ ಸರಿ. ತುಂಬಿಸಿ ಸುಮ್ಮನಾಗಬೇಡಿ, ರಿಪೇರಿ ಮಾಡಿಸಿ.

೩. ಮುಚ್ಚಳವನ್ನು ಒರೆಸಿಯೇ ತೆರೆಯಿರಿ. ಅದರ ಮೇಲೆ ನಮೂದಾದ ದರ್ಜೆಯನ್ನೇ ಹಾಕಿ. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

೪. ಎಂದೋ ತೆರೆದಿಟ್ಟ ಡಬ್ಬಿಯದು ಬೇಡ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ.

೫. ಸಾಮಾನ್ಯವಾಗಿ ೨ ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸಿ, ನುರಿತ ಮೆಕ್ಯಾನಿಕ್‌ನಿಂದ ಗಾಳಿ ತೆಗೆಸಿ.

ಘಾಟಿಯಲ್ಲಿ ಮೊದಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ. ಮಳೆ ಹಿಂತೆಗೆದು ಕೊಯ್ಲು ಶುರುವಾಗುವ ಮೊದಲು ಈ ಕೆಲಸ ಮುಗಿಯಲಿ. ಗಾಡಿಯಲ್ಲಿ ಕುಳಿತವರ ಜೀವಕ್ಕಿಂತ ಒಂದು ಡಬ್ಬಿ ದ್ರವದ ಬೆಲೆ ಹೆಚ್ಚಿನದಲ್ಲ.