ಹೊಗೆಗೊಂದು ಅಳತೆಗೋಲು

ಮಂಡ್ಯದ ಸೀಮೆಯಲ್ಲಿ ಬೆಳಗಾಗುವುದು ಕೋಳಿಯ ಕೂಗಿನಿಂದ ಮಾತ್ರವಲ್ಲ, ಮೊಪೆಡ್ಡಿನ ಸದ್ದಿನಿಂದ ಕೂಡ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಹಾಲಿನ ಕ್ಯಾನುಗಳನ್ನು ಇಕ್ಕೆಲಗಳಲ್ಲಿ ತೂಗುಹಾಕಿಕೊಂಡು ಡೈರಿಯತ್ತ ಸಾಗುವವರು ಕೆಲವರು. ಮದ್ದೂರಿನ ಎಳನೀರು ಮಾರುಕಟ್ಟೆಗೆ ಗೊನೆಗಳನ್ನು ಹೇರಿಕೊಂಡು ಹೊರಟವರು ಕೆಲವರು. ಮಳವಳ್ಳಿಯ ಕಡೆಯ ಹೊಲಗಳಿಂದ ಹಸಿ ಹುಲ್ಲಿನ ಹೊರೆಯನ್ನೋ ರೇಷ್ಮೆಗೂಡಿನ ಚೀಲವನ್ನೋ ತರುವವರು ಮತ್ತೆ ಕೆಲವರು. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈ ಪುಟ್ಟ ವಾಹನ ವಹಿಸಿಕೊಂಡಿದೆ. ಬಡ ರೈತನ ಪಾಲಿಗೆ ಅದು ಎತ್ತೂ ಹೌದು, ಕುದುರೆಯೂ ಹೌದು.

ಆದರೆ ಎತ್ತು ಮೇಯುವುದು ಹುಲ್ಲನ್ನು. ಮೊಪೆಡ್ಡು ಕುಡಿಯುವುದು ಪೆಟ್ರೋಲನ್ನು. ಉರಿದ ಪೆಟ್ರೋಲು ಹೊಗೆಯಾಗಿ ಹೊರಬರುತ್ತದೆ. ಆಲೆಮನೆಯ ಹೊಗೆ ಹರಿದಾರಿ ದೂರದಿಂದಲೇ ಕಾಣುತ್ತದೆ. ಬೆಲ್ಲ ಕಾಯಿಸುವ ಕಾಲ ಬಂದಿತೆಂದು ಎಲ್ಲರೂ ತಿಳಿಯುತ್ತಾರೆ. ದ್ವಿಚಕ್ರ ವಾಹನದ ಹೊಗೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದೊಂದು ವಾಹನ ಬಿಡುವ ಹೊಗೆ ಅಲ್ಪವೇ ಸರಿ. ಆದರೆ ವಾಹನಗಳು ಅಸಂಖ್ಯ. ಅದೂ ಅಲ್ಲದೆ, ಆ ಹೊಗೆ ಹೊರಬೀಳುವುದು ಜನರ ನಡುವೆ, ಉಸಿರಾಡುವ ಮೂಗಿನ ಸಮೀಪದಲ್ಲಿ. ಈ ಹೊಗೆಯನ್ನು ಅಳೆಯುವ ಬಗೆ ಹೇಗೆ? ಅಳೆಯುವ ಕೋಲು ಯಾವುದು? ಅದನ್ನು ಗೊತ್ತುಪಡಿಸುವವರು ಯಾರು?

ಅಳತೆಯ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ಕಾಲದ ಸಂತೆಗಳಲ್ಲಿ ಒಂದು ಊರಿನ ಸೇರಿಗೂ ಮತ್ತೊಂದು ಊರಿನ ಸೇರಿಗೂ ಹೊಂದಿಕೆ ಇರಲಿಲ್ಲ. ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದ ಬೇರೆ. ಒಂದು ಸಂತೆಯಲ್ಲಿ ತುಂಬು ಸೇರಾಗಿದ್ದ ರಾಗಿ ಮತ್ತೊಂದು ಸಂತೆಯಲ್ಲಿ ಕೊರತೆಯಾಗಿ ಕಾಣುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾನೂನಿನ ತರುವಾಯ ಕಿಲೋಗ್ರಾಮು, ಲೀಟರುಗಳು ಬಂದು ದೇಶಕ್ಕೆಲ್ಲ ಒಂದೇ ಅಳತೆ ಏರ್ಪಟ್ಟಿತು. ಬೆಲೆ ಊರಿಂದೂರಿಗೆ ಬೇರೆಯಾಗಬಹುದು, ಅಳತೆ ಬೇರೆಯಾಗಬಾರದು. ಈ ನ್ಯಾಯವನ್ನೇ ವಾಹನಗಳ ಹೊಗೆಗೂ ಅನ್ವಯಿಸಲು ಜಗತ್ತಿನ ರಾಷ್ಟ್ರಗಳು ನಡೆಸಿದ ಪ್ರಯತ್ನದ ಕಥೆ ಸ್ವಾರಸ್ಯಕರವಾದುದು.

ಮೊದಲು ಹೊಗೆಯೊಳಗೆ ಏನಿದೆ ಎಂಬುದನ್ನು ತಿಳಿಯಬೇಕು. ಪೆಟ್ರೋಲು ಪೂರ್ಣವಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತವನ್ನು ಸೇರಿ, ಆಮ್ಲಜನಕ ಕೂಡಬೇಕಾದ ಸ್ಥಾನವನ್ನು ತಾನು ಆಕ್ರಮಿಸುತ್ತದೆ. ಉರಿಯದೆ ಉಳಿದ ಇಂಧನದ ಕಣಗಳಿಗೆ ಹೈಡ್ರೋಕಾರ್ಬನ್‌ಗಳೆಂದು ಹೆಸರು. ಎಂಜಿನ್ನಿನ ಉರಿತಾಪದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಇವೂ ಹೈಡ್ರೋಕಾರ್ಬನ್‌ಗಳೂ ಬಿಸಿಲಿನಲ್ಲಿ ವರ್ತಿಸಿ, ನೆಲದ ಮಟ್ಟದ ಗಾಳಿಯಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಓಜೋನನ್ನು ಉಂಟುಮಾಡುತ್ತವೆ.

ಹಳೆಯ ಮೊಪೆಡ್ಡುಗಳಲ್ಲಿ ಇದ್ದುದು ಎರಡು ಸ್ಟ್ರೋಕಿನ ಎಂಜಿನ್ನು. ಅದು ಹಗುರ, ಸರಳ, ಅಗ್ಗ. ಕೆಟ್ಟರೆ ಹಳ್ಳಿಯ ಮೆಕ್ಯಾನಿಕನೇ ಸರಿಪಡಿಸಬಲ್ಲನು. ಆದರೆ ಅದರಲ್ಲಿ ಒಂದು ಹುಟ್ಟುದೋಷವಿದೆ. ಹೊಸದಾಗಿ ಒಳಬರುವ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವೇ ಉರಿದ ಹೊಗೆಯನ್ನು ಹೊರದೂಡಬೇಕು. ಹಾಗೆ ದೂಡುವಾಗ ಮಿಶ್ರಣದ ಒಂದು ಭಾಗ ಉರಿಯದೆಯೇ ಹೊಗೆಯ ಜೊತೆಯಲ್ಲಿ ಹೊರಟುಹೋಗುತ್ತದೆ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೂ ಉರಿದು ನಸುನೀಲಿ ಹೊಗೆಯಾಗುತ್ತದೆ. ಹೀಗೆ ರೈತನು ಕಾಸು ಕೊಟ್ಟು ಕೊಂಡ ಇಂಧನ ಅವನ ಕೆಲಸಕ್ಕೂ ಒದಗದೆ ಅವನ ಊರಿನ ಗಾಳಿಯನ್ನೂ ಕೆಡಿಸುತ್ತಿತ್ತು.

ಭಾರತದಲ್ಲಿ ಪೆಟ್ರೋಲು ವಾಹನಗಳ ಹೊಗೆಗೆ ಗ್ರಾಮುಗಳ ಲೆಕ್ಕದಲ್ಲಿ ಮಿತಿ ಹಾಕಿದ್ದು 1991ರಲ್ಲಿ. ಆಗ ದ್ವಿಚಕ್ರ ವಾಹನವೊಂದು ಕಿಲೋಮೀಟರಿಗೆ, ಅದರ ತೂಕವನ್ನನುಸರಿಸಿ, 12ರಿಂದ 30 ಗ್ರಾಂವರೆಗೆ ಕಾರ್ಬನ್ ಮಾನಾಕ್ಸೈಡ್ ಬಿಡಬಹುದಾಗಿತ್ತು. 1996ರಲ್ಲಿ ಈ ಮಿತಿ 4.5 ಗ್ರಾಮಿಗೆ, 2000ದಲ್ಲಿ 2 ಗ್ರಾಮಿಗೆ ಇಳಿಯಿತು. ನಿಯಮಗಳು ಬಿಗಿಯಾದಂತೆ ಎರಡು ಸ್ಟ್ರೋಕಿನ ಎಂಜಿನ್ನುಗಳ ಕಾಲ ಮುಗಿಯುತ್ತ ಬಂದಿತು. 1961ರಲ್ಲಿ ಮೈಸೂರಿನಲ್ಲಿ ಉತ್ಪಾದನೆ ಆರಂಭಿಸಿ, ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳಿಂದ ಹೆಸರಾಗಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದಕ್ಕೆ ಕಾರಣಗಳು ಹಲವು; ಹೊಗೆಯ ನಿಯಮಗಳು ಬಿಗಿಯಾಗತೊಡಗಿದ್ದೂ ಅವುಗಳಲ್ಲೊಂದು. ನಿಯಮವೆಂಬುದು ಕಾಗದದ ಮೇಲಿನ ಅಂಕಿಯಲ್ಲ. ಅದರ ಹಿಂದೆ ಉಸಿರೂ ಇದೆ, ಅನ್ನವೂ ಇದೆ ಎಂಬುದಕ್ಕೆ ಇದು ಸಾಕ್ಷಿ.

ವಾಹನದ ಹೊಗೆಯನ್ನು ಅಳೆಯುವ ಸ್ಥಳಗಳು ಎರಡು. ಮಂಡ್ಯ, ಮದ್ದೂರು, ಮಳವಳ್ಳಿಗಳಂಥ ಪಟ್ಟಣಗಳ ಜನ ಬಲ್ಲದ್ದು ರಸ್ತೆಬದಿಯ ತಪಾಸಣಾ ಕೇಂದ್ರವನ್ನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ನೋಂದಣಿಯಾಗಿ ಒಂದು ವರ್ಷ ಕಳೆದ ವಾಹನಕ್ಕೆ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು. ಅಲ್ಲಿ ವಾಹನವನ್ನು ನಿಲ್ಲಿಸಿ, ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು, ಹೊಗೆಕೊಳವೆಯೊಳಗೆ ನಳಿಕೆಯನ್ನಿಟ್ಟು ಪರೀಕ್ಷಿಸುತ್ತಾರೆ. “ನಿಂತ ಗಾಡಿಯ ಹೊಗೆ ನೋಡಿದರೆ ಓಡುವ ಗಾಡಿಯ ಹೊಗೆ ಹೇಗೆ ತಿಳಿದೀತು?” ಎಂದು ಸವಾರನೊಬ್ಬನು ಕೇಳಿದರೆ ಅವನ ಪ್ರಶ್ನೆ ಯುಕ್ತವಾದುದೇ. ಕೆಟ್ಟ ಎಂಜಿನ್ನನ್ನು ಗುರುತಿಸಲು ಈ ತಪಾಸಣೆ ನೆರವಾಗುತ್ತದೆ. ಓಟದ ಹೊಗೆಯನ್ನು ಪೂರ್ಣವಾಗಿ ತಿಳಿಸುವುದಿಲ್ಲ.

ಆ ಕೆಲಸ ನಡೆಯುವುದು ಪ್ರಯೋಗಶಾಲೆಯಲ್ಲಿ, ಹೊಸ ಮಾದರಿಯ ವಾಹನ ಮಾರುಕಟ್ಟೆಗೆ ಬರುವುದಕ್ಕೆ ಮುಂಚೆ. ಪುಣೆಯಲ್ಲಿರುವ, ಎ.ಆರ್.ಎ.ಐ. ಎಂದು ಹೆಸರಾದ ವಾಹನ ಸಂಶೋಧನಾ ಸಂಸ್ಥೆಯಂಥ ಕಡೆ ಈ ಪರೀಕ್ಷೆ ಜರುಗುತ್ತದೆ. ವಾಹನದ ಚಕ್ರವನ್ನು ಉರುಳೆಯೊಂದರ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ವಾಹನ ಮಾತ್ರ ಇದ್ದಲ್ಲಿಯೇ ಇರುತ್ತದೆ. ಎದುರಿನ ಬೀಸಣಿಗೆ ಗಾಳಿ ಬೀಸುತ್ತದೆ. ಪರದೆಯ ಮೇಲೆ ಮೂಡುವ ವೇಗದ ಗೆರೆಯನ್ನು ನೋಡುತ್ತ ಸವಾರನು ವೇಗವನ್ನು ಏರಿಸುತ್ತಾನೆ, ಇಳಿಸುತ್ತಾನೆ, ನಿಲ್ಲಿಸುತ್ತಾನೆ. ಹೊರಬಂದ ಹೊಗೆಯ ಮಾದರಿಯನ್ನು ಚೀಲಗಳಲ್ಲಿ ಸಂಗ್ರಹಿಸಿ, ಕಿಲೋಮೀಟರಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಈ ವೇಗದ ಗೆರೆಗೆ ಚಾಲನಾ ಚಕ್ರವೆಂದು ಹೆಸರು. ಹೊಗೆಯ ಅಳತೆಗೋಲು ಇದೇ.

ಗೆರೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ನಿಧಾನದ ಗೆರೆಯಲ್ಲಿ ನಿರ್ಮಲವಾಗಿ ಕಂಡ ವಾಹನ ವೇಗದ ಗೆರೆಯಲ್ಲಿ ಮಲಿನವಾಗಿ ಕಾಣಬಹುದು. ಭಾರತದ ಹಿಂದಿನ ಚಾಲನಾ ಚಕ್ರ 108 ಸೆಕೆಂಡುಗಳದು. ಅದನ್ನು ಆರು ಬಾರಿ ಓಡಿಸುತ್ತಿದ್ದರು. ಅದರ ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರು. ಯೂರೋಪಿಗೆ, ಅಮೆರಿಕಕ್ಕೆ, ಜಪಾನಿಗೆ ಅವುಗಳದೇ ಬೇರೆ ಬೇರೆ ಗೆರೆಗಳಿದ್ದವು. ವಿಶ್ವಸಂಸ್ಥೆಯ ಯೂರೋಪಿನ ಆರ್ಥಿಕ ಆಯೋಗವು ಮೋಟಾರು ಸೈಕಲ್ಲುಗಳಿಗೆ 1979ರಲ್ಲಿ, ಮೊಪೆಡ್ಡುಗಳಿಗೆ 1981ರಲ್ಲಿ ನಿಯಮಗಳನ್ನು ಜಾರಿಗೆ ತಂದಿತ್ತಾದರೂ ಅವು ಎಲ್ಲ ದೇಶಗಳಿಗೂ ಸಲ್ಲುತ್ತಿರಲಿಲ್ಲ. ಒಂದೇ ವಾಹನವನ್ನು ಹಲವು ದೇಶಗಳಿಗೆ ಕಳುಹಿಸುವ ಕಾರ್ಖಾನೆ ಪ್ರತಿಯೊಂದು ದೇಶಕ್ಕೂ ಪ್ರತ್ಯೇಕ ಪರೀಕ್ಷೆ ಮಾಡಿಸಬೇಕಾಗಿತ್ತು. ಒಂದು ದೇಶದ ಅಂಕಿಯನ್ನು ಮತ್ತೊಂದು ದೇಶದ ಅಂಕಿಯೊಡನೆ ಹೋಲಿಸಲೂ ಆಗುತ್ತಿರಲಿಲ್ಲ. ಹಳೆಯ ಸಂತೆಗಳ ಸೇರಿನ ಗೊಂದಲವೇ ಇಲ್ಲಿಯೂ ತಲೆದೋರಿತ್ತು.

ಈ ಗೊಂದಲವನ್ನು ಬಗೆಹರಿಸಲು ಜಿನೀವಾ ನಗರದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರಗಳು ಕಲೆತವು. 1998ರ ಒಪ್ಪಂದವೊಂದರ ಮೇರೆಗೆ ಜಗತ್ತಿಗೆಲ್ಲ ಸಲ್ಲುವ ವಾಹನ ನಿಯಮಗಳನ್ನು ರಚಿಸಲು ಅವಕಾಶವಾಯಿತು. ಅಲ್ಲಿ ಬಹುಮತ ಸಾಲದು, ಸರ್ವಾನುಮತ ಬೇಕು. ಯೂರೋಪು, ಜಪಾನು, ಅಮೆರಿಕಗಳ ರಸ್ತೆಗಳಲ್ಲಿ ಸವಾರರು ನಿಜವಾಗಿ ಹೇಗೆ ವಾಹನ ನಡೆಸುತ್ತಾರೆಂಬುದನ್ನು ದಾಖಲಿಸಿ, ಆ ದಾಖಲೆಗಳಿಂದ ಹೊಸ ಗೆರೆಯೊಂದನ್ನು ರೂಪಿಸಿದರು. ಅದಕ್ಕೆ ಮೂರು ಭಾಗಗಳು. ಒಂದೊಂದೂ 600 ಸೆಕೆಂಡುಗಳದು. ಅವುಗಳ ಗರಿಷ್ಠ ವೇಗ ಕ್ರಮವಾಗಿ ಗಂಟೆಗೆ 60, 95 ಮತ್ತು 125 ಕಿಲೋಮೀಟರು. 2005ರ ಜೂನ್ ತಿಂಗಳಲ್ಲಿ ಇದು ಜಾಗತಿಕ ತಾಂತ್ರಿಕ ನಿಯಮಗಳ ಪೈಕಿ ಎರಡನೆಯದಾಗಿ ಅಂಗೀಕೃತವಾಯಿತು.

ಆದರೆ ಎಲ್ಲ ವಾಹನಗಳೂ ಗಂಟೆಗೆ 125 ಕಿಲೋಮೀಟರು ಓಡಬಲ್ಲವೇ? ಹಾಲಿನ ಕ್ಯಾನು ಹೊತ್ತ ವಾಹನವನ್ನು ಆ ಗೆರೆಯಲ್ಲಿ ಓಡಿಸುವುದು ಹಸುವಿಗೆ ಕುದುರೆಯ ಜೂಜು ಕಟ್ಟಿದಂತೆ. ಆದುದರಿಂದ ವಾಹನಗಳನ್ನು ಎಂಜಿನ್ನಿನ ಗಾತ್ರಕ್ಕೂ ವೇಗಕ್ಕೂ ಅನುಗುಣವಾಗಿ ವರ್ಗೀಕರಿಸಿದರು. ಸಣ್ಣ ವಾಹನಗಳಿಗೆ ಕಡಿಮೆ ವೇಗದ ಗೆರೆ, ದೊಡ್ಡವಕ್ಕೆ ಮೂರು ಭಾಗಗಳೂ ಸೇರಿದ ಗೆರೆ. ಇಲ್ಲಿ ಹೆಸರಿನ ತೊಡಕೂ ಒಂದಿತ್ತು. ‘ಮೋಟಾರ್’ ಮತ್ತು ‘ಪೆಡಲ್’ ಎಂಬ ಪದಗಳ ಕೂಡಿಕೆಯೇ ‘ಮೊಪೆಡ್’. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಎಂಜಿನ್ನಿನ ಗಾತ್ರ 50 ಘನ ಸೆಂಟಿಮೀಟರಿಗೂ, ವೇಗ ಗಂಟೆಗೆ 50 ಕಿಲೋಮೀಟರಿಗೂ ಮೀರದ ಎರಡು ಚಕ್ರದ ವಾಹನಕ್ಕೆ ಮಾತ್ರ ಆ ಸ್ಥಾನ. ಮಂಡ್ಯದ ರೈತನು ಮೊಪೆಡ್ಡೆಂದು ಕರೆಯುವ ಇಂದಿನ ವಾಹನದ ಎಂಜಿನ್ನು 100 ಘನ ಸೆಂಟಿಮೀಟರಿಗೆ ಸಮೀಪವಾದುದು. ಜಿನೀವಾದ ಲೆಕ್ಕದಲ್ಲಿ ಅದು ಮೋಟಾರು ಸೈಕಲ್ಲೇ ಆಗಿಬಿಡುತ್ತದೆ. ಒಂದು ಹೆಸರಿನ ಅರ್ಥವನ್ನು ನಿಷ್ಕರ್ಷಿಸಲು ಕೂಡ ರಾಷ್ಟ್ರಗಳು ಏಕೆ ಅಷ್ಟು ಚರ್ಚಿಸುತ್ತವೆಂಬುದು ಇದರಿಂದ ತಿಳಿಯುತ್ತದೆ.

ಭಾರತವು 2006ರಲ್ಲಿ ಆ ಒಪ್ಪಂದವನ್ನು ಸೇರಿತು. ದ್ವಿಚಕ್ರ ವಾಹನಗಳು ಹೇರಳವಾಗಿರುವ ದೇಶದ ಮಾತಿಗೆ ಆ ಸಭೆಯಲ್ಲಿ ತೂಕವಿರುವುದು ಸಹಜವೇ. 2005ರ ನಿಯಮದಲ್ಲಿ ಅಳೆಯುವ ವಿಧಾನವಿತ್ತೇ ಹೊರತು ಮಿತಿಯ ಅಂಕಿಗಳು ಇರಲಿಲ್ಲ. ಅಂಕಿಗಳು ಸೇರಿದ್ದು 2011ರ ತಿದ್ದುಪಡಿಯಲ್ಲಿ. ಮೊದಲು ಅಳತೆಯಲ್ಲಿ ಒಮ್ಮತ, ಆಮೇಲೆ ಮಿತಿಯ ವಿಚಾರ. 2016ರಲ್ಲಿ ಇನ್ನೆರಡು ನಿಯಮಗಳು ಕೂಡಿಕೊಂಡವು: ಪೆಟ್ರೋಲ್ ಟ್ಯಾಂಕಿನಿಂದ ಆವಿಯಾಗಿ ಸೋರುವ ಇಂಧನವನ್ನು ಅಳೆಯುವುದು ಒಂದು, ವಾಹನವೇ ತನ್ನ ದೋಷವನ್ನು ಕಂಡು ಸವಾರನಿಗೆ ಸೂಚಿಸುವ ವ್ಯವಸ್ಥೆಯನ್ನು ಕುರಿತದ್ದು ಮತ್ತೊಂದು.

ಈ ಶ್ರಮದ ಫಲ ನಮ್ಮ ರಸ್ತೆಗೂ ತಲುಪಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಹಂತ 6ರ ನಿಯಮದಲ್ಲಿ ಜಾಗತಿಕ ಗೆರೆಯನ್ನೇ ಬಳಸಲಾಗುತ್ತಿದೆ. 50 ಘನ ಸೆಂಟಿಮೀಟರಿಗಿಂತ ದೊಡ್ಡ ಎಂಜಿನ್ನಿನ ದ್ವಿಚಕ್ರ ವಾಹನವು ಕಿಲೋಮೀಟರಿಗೆ 1 ಗ್ರಾಮಿಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡನ್ನೂ, 0.1 ಗ್ರಾಮಿಗಿಂತ ಹೆಚ್ಚು ಹೈಡ್ರೋಕಾರ್ಬನ್‌ಗಳನ್ನೂ ಬಿಡಕೂಡದು. ಪೆಟ್ರೋಲಿನ ಗಂಧಕವೂ ಹತ್ತು ಲಕ್ಷ ಭಾಗಗಳಲ್ಲಿ 10 ಭಾಗಕ್ಕೆ ಇಳಿಯಿತು. ಮೊಪೆಡ್ಡಿನಲ್ಲಿ ಈಗ ನಾಲ್ಕು ಸ್ಟ್ರೋಕಿನ ಎಂಜಿನ್ನೂ, ಪೆಟ್ರೋಲನ್ನು ಲೆಕ್ಕವಿಟ್ಟು ಚಿಮುಕಿಸುವ ಸಾಧನವೂ ಇವೆ.

ಹಾಗೆಂದು ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ವಾಹನದ ಮೇಲಿನ ಭಾರವೆಂದು ಲೆಕ್ಕಕ್ಕೆ ಹಿಡಿಯುವುದು 75 ಕಿಲೋಗ್ರಾಂ, ಎಂದರೆ ಒಬ್ಬ ಸವಾರನ ತೂಕ. ಮದ್ದೂರಿನ ರಸ್ತೆಯಲ್ಲಿ ಸಾಗುವ ವಾಹನದ ಮೇಲೆ ಸವಾರನೂ ಇದ್ದಾನೆ, ಎಳನೀರಿನ ಗೊನೆಗಳೂ ಇವೆ. ಭಾರ ಹೆಚ್ಚಿದಂತೆ ಎಂಜಿನ್ನು ಹೆಚ್ಚು ಇಂಧನ ಉರಿಸುತ್ತದೆ. ಅಲ್ಲದೆ ಹೊಸ ನಿಯಮ ಹೊಸ ವಾಹನಕ್ಕೆ. ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹತ್ತು ಚೀಲ ಭತ್ತ ಮಾರಿ ಕುಟುಂಬ ಸಾಗಿಸುವವನಿಗೆ, ಗಾಳಿ ಕೆಡುತ್ತದೆ, ನಿನ್ನ ವಾಹನವನ್ನು ಬಿಡು ಎಂದು ಹೇಳುವುದು ಸುಲಭ. ಅವನು ಹಾಲನ್ನು ಡೈರಿಗೆ ಮುಟ್ಟಿಸುವುದು ಹೇಗೆಂದು ಹೇಳುವುದು ಕಷ್ಟ. ಆದರೆ ಎಂಜಿನ್ನನ್ನು ಕಾಲಕಾಲಕ್ಕೆ ಶುಚಿಗೊಳಿಸುವುದು, ಎಣ್ಣೆಯನ್ನು ತಕ್ಕ ಪ್ರಮಾಣದಲ್ಲಿ ಹಾಕುವುದು, ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸದಿರುವುದು, ಪ್ರಮಾಣಪತ್ರವನ್ನು ದಂಡದ ಭಯಕ್ಕಲ್ಲದೆ ನಿಜವಾದ ತಪಾಸಣೆಯಿಂದ ಪಡೆಯುವುದು, ಇವು ಅವನ ಕೈಯಲ್ಲಿಯೇ ಇವೆ. ಇದರಿಂದ ಅವನ ಕಾಸೂ ಉಳಿಯುತ್ತದೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು. ಆ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಇಂದು ಅದೇ ಸೀಮೆಯ ರಸ್ತೆಗಳಲ್ಲಿ ವಿದ್ಯುತ್ತಿನಿಂದ ಓಡುವ ದ್ವಿಚಕ್ರ ವಾಹನಗಳು ಕಾಣಿಸಿಕೊಂಡಿವೆ. ಮುಂದೊಂದು ದಿನ ಹೊಗೆಕೊಳವೆಯೇ ಇಲ್ಲದ ವಾಹನ ಹಾಲು ಹೊತ್ತೀತು. ಅಲ್ಲಿಯವರೆಗೆ ಅಳತೆ ಬೇಕು. ಆ ಅಳತೆ ಜಿನೀವಾದಲ್ಲಿ ಗೊತ್ತಾಗಲಿ, ಪುಣೆಯಲ್ಲಿ ಪರೀಕ್ಷಿತವಾಗಲಿ, ಅದು ಸಾರ್ಥಕವಾಗಬೇಕಾದುದು ನಾಲೆಯ ಏರಿಯ ಮೇಲೆ, ವಾಹನದ ಹಿಂದೆ ಕುಳಿತು ಶಾಲೆಗೆ ಹೋಗುವ ಮಗುವಿನ ಉಸಿರಿನಲ್ಲಿ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿ:
1. ಚಾಲನಾ ಚಕ್ರವೆಂದರೇನು?
2. ಎರಡು ಸ್ಟ್ರೋಕಿನ ಎಂಜಿನ್ನಿನ ಹುಟ್ಟುದೋಷ ಯಾವುದು?
3. ಮಂಡ್ಯದ ರೈತನ ಮೊಪೆಡ್ಡು ಅಂತರರಾಷ್ಟ್ರೀಯ ಲೆಕ್ಕದಲ್ಲಿ ಮೋಟಾರು ಸೈಕಲ್ಲಾಗುವುದೇಕೆ?

ಆ. ಏಳೆಂಟು ವಾಕ್ಯಗಳಲ್ಲಿ ಉತ್ತರಿಸಿ:
1. ಹಳೆಯ ಸಂತೆಗಳ ಸೇರಿಗೂ ಹೊಗೆಯ ಪರೀಕ್ಷೆಗೂ ಇರುವ ಹೋಲಿಕೆಯನ್ನು ವಿವರಿಸಿ.
2. “ಅದರ ಹಿಂದೆ ಉಸಿರೂ ಇದೆ, ಅನ್ನವೂ ಇದೆ.” ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ:
ಅಳತೆಗೋಲು, ಹೊಗೆಗೊಂದು, ಸರ್ವಾನುಮತ.